ಕಮಾನು ಪಟ್ಟಿ

ಚಿದ್ರಿ ರಸ್ತೆಗೆ ನನ್ನ ಗ್ಯಾರೇಜು. ಬೋರ್ಡಿನ ಮ್ಯಾಲೆ
'ಕಮಾನ್ ಕೆಲಸ ಮಾಡಲಾಗುವುದು' ಅಂತ
ಬರೆಸಿ ಇಪ್ಪತ್ತೆರಡು ವರ್ಷ.
ಕಮಾನು ಅಂದ್ರ ಬಿಲ್ಲು ಅಂತ
ತಲೀಗೆ ಹೊಳೆದದ್ದು ಮಾತ್ರ ಹೋದ ವರ್ಷ,
ಲಾರಿಯ ಹೊಟ್ಟೆ ಕೆಳಗ ಅಂಗಾತ ಮಲಗಿ
ಹನ್ನೊಂದು ಪಟ್ಟಿ ಎಣಿಸೂವಾಗ.

ಬಾಗಿದ್ದು ಬಿಲ್ಲೇ. ಹೆದೆ ಇಲ್ಲ, ಅಷ್ಟೇ.
ಹೆದೆಯ ಬದಲು ಇಪ್ಪತ್ತು ಟನ್ ಸಿಮೆಂಟು.

ಬಸವಂತರಾವ ಮಾಸ್ತರು ಝೆರಾಕ್ಸ್ ತಂದುಕೊಟ್ಟರು:
ಆರ್ನೂರು ವರ್ಷದ ಹಿಂದಿನ,
ಯಾವುದೋ ಚಳಿದೇಶದ ಅಡ್ಡಬಿಲ್ಲು.
ಮಸಿ ಹರಡಿ ಅರ್ಧ ಚಿತ್ರ ನುಂಗಿತ್ತು.
ಉಳಿದರ್ಧ ನಾನೇ ಊಹಿಸಿದೆ.
ಮೊದಲ ಮೂರು ಬಿಲ್ಲು ಆ ಊಹೆಗೇ ಬಲಿ.

ಹಳೆ ಟೆಂಪೋದ ಪಟ್ಟಿ. ನಡು ದಪ್ಪ ಬಿಟ್ಟು
ತುದಿ ಸಪೂರ ಮಾಡಬೇಕು, ಎರಡೂ ಕಡಿ ಸಮ.
ಗ್ರೈಂಡರ್ ಹಚ್ಚಿದರ ಉಕ್ಕು ಕಾದು ನೀಲಿ ತಿರುಗ್ತದ,
ನೀಲಿ ತಿರುಗಿದ ಉಕ್ಕು ಮಾತು ಕೇಳೂದಿಲ್ಲ.
ಹಂಗಾಗಿ ಅರ. ಬರೀ ಅರ.
ಒಂಬತ್ತು ವಾರ, ಅಂಗಡಿ ಮುಚ್ಚಿದ ಮ್ಯಾಲೆ,
ಮೂಗಿನ್ಯಾಗ ಕಬ್ಬಿಣದ ವಾಸನೆ ಹೊತ್ತು ಮನಿಗೆ.

ದಿಂಡಿಗೆ ಜಾಲಿ: ಮುರಿದ ಬಂಡಿಯ ಮೂಕಿ.
ಹೆದೆ ಹಿಡಿಯೋ ಕಾಯಿಗೆ ಮಶಾಕಸಾಬರ ಕಡೆ ಹೋದೆ,
ಬಿದ್ರಿ ಎರಕದಾಗ ನಲವತ್ತು ವರ್ಷ
ಕೈ ಕಪ್ಪು ಮಾಡಿಕೊಂಡವರು.
ಎರಕ ಹೊಯ್ದರು. ಸುಮ್ಮನಿರಲಾರದೆ
ಒಂದೆಳೆ ಬೆಳ್ಳಿಬಳ್ಳೀನೂ ಕೂಡಿಸಿದರು.
ಮೊದಲ ಎಳೆತಕ್ಕೇ ಎರಡು ಹೋಳು.
"ಜಸ್ತ ಬೆಳ್ಳಿ ಹಿಡೀತದ ತಮ್ಮಾ,
ಸಿಟ್ಟು ಹಿಡಿಯಂಗಿಲ್ಲ" ಅಂದು
ಎಮ್ಮೆ ಕೊಂಬಿನ ತುಂಡು ಕೊಟ್ಟರು.
ಹೋಳು ಇವತ್ತಿಗೂ ಗಲ್ಲಾದಾಗ ಅವ, ಚಿಲ್ಲರೆ ಜೋಡಿ.

ನೈಲಾನ್ ಹಗ್ಗ ನೋಡಿ ಸೂಗಮ್ಮ ನಕ್ಕಳು.
"ಆರ್ನೂರು ವರ್ಷದ ಹಿಂದ ನೈಲಾನ್ ಇತ್ತೇನು?"
ಆಕೀ ತವರು ಅಫಜಲಪುರದ ಕಡೆ,
ಪುಂಡಿ ನಾರು ಕೊಳೆಹಾಕಿ ಹಗ್ಗ ಹೊಸೆದ ಮನಿ.
ಅರವತ್ತು ಎಳೆ. ಉಗುಳು ಹಚ್ಚಿ ತೊಡಿ ಮ್ಯಾಲೆ ಹೊಸೆದಳು
ಟಿವಿ ನೋಡಕೋತ,
ಜಾಹೀರಾತು ಬಂದಾಗ ಮಾತ್ರ ಬಿಗಿ ಎಳೆದು.
ಜೇನುಮೇಣ ತಿಕ್ಕಿ ಕೈಗಿಟ್ಟು ಕೇಳಿದಳು:
"ಕಾಲಿಡೋ ಬಳೆಗೆ ರಿಕಾಬು ಅಂತೀರಿ,
ಒತ್ತೋ ಕಡ್ಡಿಗೆ ಕುದುರಿ ಅಂತೀರಿ.
ಸವಾರ ಯಾರು? ಹೊಡೆಯೋದು ಯಾರಿಗೆ?"

ಯಾರಿಗೂ ಇಲ್ಲ.
ಐತವಾರ ನಸುಕಿನ್ಯಾಗ ಹಾಳುಬಿದ್ದ
ಕೆಂಪುಕಲ್ಲಿನ ಖಣಿಗೆ ಇಬ್ಬರೂ ಹೋದೆವು.
ತೊಗರಿ ಹೊಟ್ಟಿನ ಚೀಲ ನಿಲ್ಲಿಸಿದೆವು.
ರಿಕಾಬಿಗೆ ಕಾಲು ಕೊಟ್ಟು ಬಗ್ಗಿದೆ, ನಡು ಹಿಡೀತು.
ಅರ್ಧಕ್ಕ ನಿಂತ ಹೆದೆಗೆ ಆಕೀನೂ ಕೈ ಹಾಕಿದಳು.
ನಾಲ್ಕು ಕೈ. ಟಕ್.
ಕೊಂಬಿನ ಕಾಯಿ ಕಚ್ಚಿಕೊಂಡಿತು.

ನೆತ್ತಿ ಮ್ಯಾಲೆ ತರಬೇತಿ ವಿಮಾನವೊಂದು
ಆಕಾಶ ಹರಿಯಕೋತ ಹೋಯಿತು.
ಅದೇ ಗಳಿಗೀಗೆ ಕುದುರಿ ಒತ್ತಿದೆ.
ನನ್ನ ಬಿಲ್ಲಿನ ಸದ್ದು ನನಗೇ ಕೇಳಲಿಲ್ಲ.

ಚೀಲಕ್ಕ ಏನೂ ಆಗಿರಲಿಲ್ಲ.
ಬಾಣ ಹಿಂದಿನ ಮುರಕಲ್ಲಿನ್ಯಾಗ
ನಾಲ್ಕು ಬೆರಳು ಇಳಿದಿತ್ತು.
ಕೈಗೆ ಬರಲಿಲ್ಲ. ಇಕ್ಕಳಕ್ಕೂ ಬರಲಿಲ್ಲ.
ಈಗ ಅದರ ಬಾಲದ ಮ್ಯಾಲೆ
ಓತಿಕ್ಯಾತ ಬಿಸಿಲು ಕಾಯಿಸ್ತದ.

ಮೊನ್ನೆ ರಾತ್ರಿ ಜಹೀರಾಬಾದಿನ ಟೆಂಪೋ ಬಂತು,
ಎರಡನೇ ಪಟ್ಟಿ ಮುರಿದು.
ಆ ಅಳತೆ ನನ್ನ ಕಡೆ ಇರಲಿಲ್ಲ.
ಡ್ರೈವರ್ ಗೋಡೆ ನೋಡಿದ.
"ಅದೇ ಅಲ್ಲೇನು ಉಸ್ತಾದ್, ಮೊಳೆಗೆ ಹಾಕಿದ್ದು?"

ಮೊದಲು ಅದೇ ಇತ್ತು.
ಬೆರಳು ಹಿಡಿದು ತುದಿ ಮುಟ್ಟಿಸಿದೆ:
ಸಪೂರ ಆಗ್ಯದ ನೋಡಪಾ,
ಹೊರಾಕ ಬರಂಗಿಲ್ಲ ಈಗ.
ಅಂವ ಹೆದೆ ಮೀಟಿದ. ಇನ್ನೊಮ್ಮೆ ಮೀಟಿದ.
"ಬೆಳಗಾಗೂತನ ಹೆಂಗೂ ಪಟ್ಟಿ ಸಿಗಂಗಿಲ್ಲ,
ಒಂದು ಸಲ ಎಳೆದು ತೋರಿಸ್ರಿ."

ನನಗ ನಡುನೋವು ಇತ್ತು.
ಸೂಗಮ್ಮಗ ಫೋನ್ ಹಚ್ಚಿದೆ.